ಸಮಾಧಾನದ ಗುಳಿಗೆ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆಗೆ ಇಬ್ಬರು ಪರಿಚಿತರು ಎದುರಾದರೆ ಮೊದಲು ಹೊರಡುವ ಮಾತು, "ಆರಾಮ ಇದ್ದೀರಿ?" ಎಂಬುದು. ಇದಕ್ಕೆ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಆರಾಮ ನೋಡ್ರಿ." ಕೇಳಿದವರು ಉತ್ತರಕ್ಕಾಗಿ ನಿಲ್ಲುವುದಿಲ್ಲ, ಹೇಳಿದವರು ಯೋಚಿಸಿ ಹೇಳುವುದಿಲ್ಲ. ಮೈಸೂರಿನ ಕಡೆಯವರು "ಚೆನ್ನಾಗಿದ್ದೀರಾ?" ಎಂದು ಕೇಳಿ ಮುಂದೆ ಸಾಗುವಂತೆ ಇದೂ ಒಂದು ಸೌಜನ್ಯದ ಮಾತು. ಆದರೆ ನಮ್ಮ ಮಾತಿನಲ್ಲಿ ಒಂದು ವಿಶೇಷವುಂಟು. ಈ ಕಡೆಗೆ "ಆರಾಮಿಲ್ಲ" ಎಂದರೆ ಮನಸ್ಸಿಗೆ ಬೇಸರವಾಗಿದೆ ಎಂದು ಅರ್ಥವಲ್ಲ. ಜಡ್ಡು ಬಿದ್ದಿದ್ದಾರೆ ಎಂದು ಅರ್ಥ. "ಅವರಿಗೆ ಆರಾಮಿಲ್ಲ" ಎಂದೊಡನೆ ಕೇಳಿದವರ ಮುಂದಿನ ಪ್ರಶ್ನೆ, "ಡಾಕ್ಟರಿಗೆ ತೋರಿಸಿದಿರೇನು?" ಎಂಬುದೇ.

ಹೀಗೆ ನಮ್ಮ ನಿತ್ಯದ ಭಾಷೆಯಲ್ಲಿ ಮನುಷ್ಯನಿಗೆ ಎರಡೇ ಸ್ಥಿತಿಗಳು ಉಳಿದಿವೆ. ಒಂದು ಆರಾಮ, ಇನ್ನೊಂದು ಜಡ್ಡು. ಇವೆರಡರ ನಡುವೆ ವಿಶಾಲವಾದ ಒಂದು ಬಯಲಿದೆ. ಸತ್ತವರನ್ನು ನೆನೆದು ಅಳುವುದು, ಮಕ್ಕಳ ಭವಿಷ್ಯಕ್ಕಾಗಿ ರಾತ್ರಿ ಎಚ್ಚರವಿರುವುದು, ಸಾಲಗಾರನ ಮುಖ ನೆನಪಾದಾಗ ಎದೆ ಡವಗುಟ್ಟುವುದು, ಕಾರಣವೇ ತಿಳಿಯದೆ ಒಂದು ಸಂಜೆ ಮಂಕಾಗಿ ಕುಳಿತುಬಿಡುವುದು, ಇವೆಲ್ಲ ಆ ಬಯಲಿನಲ್ಲಿವೆ. ಬಾಳಿನ ಬಹುಭಾಗ ಅಲ್ಲಿಯೇ ಕಳೆಯುತ್ತದೆ ಎಂದರೂ ತಪ್ಪಾಗದು. ಆದರೆ ಅಲ್ಲಿರುವವನು "ಆರಾಮ" ಎಂದು ಸುಳ್ಳು ಹೇಳಬೇಕು. ಇಲ್ಲವೆ "ಆರಾಮಿಲ್ಲ" ಎಂದು ಹೇಳಿ ಗುಳಿಗೆ ನುಂಗಬೇಕು. ಮೂರನೆಯ ಹಾದಿಯನ್ನು ನಾವು ಮರೆತಿರುವೆವೋ ಏನೋ ಎಂಬ ಸಂಶಯ ನನಗೆ ಈಚೆಗೆ ಬಲವಾಗಿ ಕಾಡತೊಡಗಿದೆ.

ನಾನಿರುವುದು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಒಳ ಓಣಿಯಲ್ಲಿ. ಹೆಸರು ಕೇಳಿ ಓದುಗರು ಮೋಸಹೋಗಬಾರದು. ಗೋಕುಲವೆಂದರೆ ಬೆಣ್ಣೆ, ಕೊಳಲು, ಚಿಂತೆಯಿಲ್ಲದ ದನಗಾಹಿ ಹುಡುಗರು ಎಂದೆಲ್ಲ ನೆನಪಾಗುವುದು ಸಹಜ. ನಮ್ಮ ರಸ್ತೆಗೆ ಈ ಹೆಸರು ಬಂದುದು ಅದರ ಆ ತುದಿಗಿರುವ ಗೋಕುಲ ಎಂಬ ಹಳ್ಳಿಯಿಂದ. ಈಗ ಈ ರಸ್ತೆಯ ಮೇಲೆ ಹೊಸ ಬಸ್ ನಿಲ್ದಾಣವಿದೆ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಕೇಂದ್ರ ಕಚೇರಿಯಿದೆ, ಕೈಗಾರಿಕಾ ವಸಾಹತುವಿದೆ, ಮುಂದೆ ಹೋದರೆ ವಿಮಾನ ನಿಲ್ದಾಣವಿದೆ. ಬೆಳಗಿನ ಪಾಳಿಯ ಕಾರ್ಮಿಕರು, ಬ್ಯಾಂಕಿನ ನೌಕರರು, ಟ್ಯೂಶನ್ನಿಗೆ ಓಡುವ ಮಕ್ಕಳು, ಬೆಂಗಳೂರಿನ ವಿಮಾನ ಹಿಡಿಯುವ ವ್ಯಾಪಾರಸ್ಥರು, ಹೀಗೆ ಯಾರಿಗೂ ಇಲ್ಲಿ ಪುರಸತ್ತಿಲ್ಲ. ಕೊಳಲಿನ ಬದಲು ವಾಹನಗಳ ಹಾರ್ನುಗಳಿವೆ. ಬೆಣ್ಣೆಯ ಅಂಗಡಿಗಿಂತ ಔಷಧಿಯ ಅಂಗಡಿಗಳು ಹೆಚ್ಚು. ಸಂಜೆ ಏಳರ ಹೊತ್ತಿಗೆ ಅವುಗಳ ಎದುರು ನಿಂತವರ ಗುಂಪನ್ನು ನೋಡಿದರೆ, ಊರಿಗೆ ಊರೇ "ಆರಾಮ"ವನ್ನು ಕೊಳ್ಳಲು ಬಂದಂತೆ ತೋರುತ್ತದೆ.

ಮನಸ್ಸಿನ ಬಣ್ಣವನ್ನು ಬದಲಿಸುವ ಪದಾರ್ಥಗಳು ಮನುಷ್ಯನಿಗೆ ಹೊಸವೇನಲ್ಲ. ವೇದದ ಋಷಿಗಳು ಸೋಮವನ್ನು ಹಿಂಡಿ ಕುಡಿದು ಸ್ತುತಿಸಿದರು. ನಮ್ಮ ಕಡೆಯ ಕೆಲವು ಜಾತ್ರೆಗಳಲ್ಲಿ, ಆರೂಢ-ಅವಧೂತರ ಕೆಲವು ಪರಂಪರೆಗಳಲ್ಲಿ, ಭಂಗಿಗೆ ಇಂದಿಗೂ ಒಂದು ಸ್ಥಾನವುಂಟು. ಎಲೆ-ಅಡಿಕೆಯೊಡನೆ ತಂಬಾಕಿನ ಚಿಟಿಕೆ ಬಾಯಿಗೆ ಬೀಳದೆ ಹೊಲದ ಕೆಲಸ ಸಾಗದ ಮುದುಕಿಯರನ್ನು ನಾವೆಲ್ಲ ಕಂಡಿದ್ದೇವೆ. ಇವೆಲ್ಲ ಇರಲಿ, ಯಾರೂ ಅಮಲೆಂದು ಎಣಿಸದ ಒಂದು ಪದಾರ್ಥವನ್ನೇ ತೆಗೆದುಕೊಳ್ಳೋಣ. ಅದು ಚಹಾ.

ಚಹಾ ನಮ್ಮ ಸನಾತನ ಪಾನೀಯವಲ್ಲ. ಇಂಗ್ಲಿಷರ ಕಾಲದಲ್ಲಿ ತೋಟಗಳಲ್ಲಿ ಬೆಳೆದ ಚಹಾವನ್ನು ಈ ದೇಶದವರೇ ಕುಡಿಯುವಂತೆ ಮಾಡಬೇಕೆಂದು ಬೆಳೆಗಾರರು ಬಹಳ ಶ್ರಮಪಟ್ಟರು. 1903ರಲ್ಲಿ ಇದಕ್ಕಾಗಿಯೇ ಒಂದು ಕರವನ್ನು ವಿಧಿಸಿದರು. ಮುಂದೆ ರೈಲು ನಿಲ್ದಾಣಗಳಲ್ಲಿ ಫಲಕ ತೂಗುಹಾಕಿ, ಪೇಟೆ-ಸಂತೆಗಳಲ್ಲಿ ಪುಕ್ಕಟೆ ಕುಡಿಸಿ, ಮಾಡುವ ಕ್ರಮವನ್ನು ದೇಶಭಾಷೆಗಳಲ್ಲಿ ಅಚ್ಚುಹಾಕಿಸಿ ಪ್ರಚಾರಮಾಡಿದರು. ಮಹಾತ್ಮಾ ಗಾಂಧಿಯವರು ಚಹಾವನ್ನು ಒಪ್ಪಲಿಲ್ಲ. ಆದರೂ ಎರಡು-ಮೂರು ತಲೆಮಾರುಗಳೊಳಗೆ ಚಹಾ ನಮ್ಮ ಅಡಿಗೆಮನೆಯ ಯಜಮಾನನಾಯಿತು. ಈಗ ಧಾರವಾಡ ಜಿಲ್ಲೆಯ ಯಾವ ಮನೆಗೆ ಹೋದರೂ "ಒಂದರ್ಧ ಕಪ್ಪು ಚಾ ತಗೋರಿ" ಎಂಬ ಆಗ್ರಹವನ್ನು ತಪ್ಪಿಸಿಕೊಳ್ಳುವುದು ಸುಲಭವಲ್ಲ. "ನಾನು ಚಹಾ ಕುಡಿಯುವುದಿಲ್ಲ" ಎಂದು ಹೇಳುವ ಮಹಾನುಭಾವನನ್ನು ಮನೆಯವರು ನೋಡುವ ನೋಟವನ್ನು ಓದುಗರು ಬಲ್ಲರು. ಮೊದಲು ಆಶ್ಚರ್ಯ, ಆಮೇಲೆ ಅನುಮಾನ, ಕೊನೆಗೆ ಸ್ವಲ್ಪ ಅವಮಾನ. ಕುಡಿಯುವವನಿಗೆ ಯಾರೂ ಕಾರಣ ಕೇಳುವುದಿಲ್ಲ. ಕುಡಿಯದವನು ಮಾತ್ರ ಕಾರಣ ಕೊಡಬೇಕು.

ಈ ಸಣ್ಣ ನಿಯಮ ಎಲ್ಲೆಡೆಗೂ ಅನ್ವಯಿಸುತ್ತದೆ. ಯಾವುದು ಅಮಲು, ಯಾವುದು ಆತಿಥ್ಯ ಎಂಬುದನ್ನು ನಿರ್ಧರಿಸುವುದು ಆ ಪದಾರ್ಥದ ಗುಣವಲ್ಲ. ಅದನ್ನು ಸೇವಿಸುವ ಜನರ ಸಂಖ್ಯೆ ಮತ್ತು ಅಂತಸ್ತು. ಧಾರವಾಡ ಜಿಲ್ಲೆ 1956ರ ವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅಲ್ಲಿಯ 1949ರ ಪಾನನಿಷೇಧದ ಕಾಯಿದೆ ಇಲ್ಲಿಯೂ ನಡೆಯುತ್ತಿತ್ತು. ಆಗ ಶರಾಬು ಕುಡಿಯುವವನು ಕದ್ದು ಕುಡಿಯಬೇಕಾಗಿತ್ತು. 1960ರ ದಶಕದ ಉತ್ತರಾರ್ಧದಲ್ಲಿ ಮೈಸೂರು ರಾಜ್ಯ ನಿಷೇಧವನ್ನು ತೆಗೆದುಹಾಕಿತು. 2007ರ ಜುಲೈ 1ರಿಂದ ಬಡವನ ಸಾರಾಯಿ ಕರ್ನಾಟಕದಲ್ಲಿ ಬಂದಾಯಿತು. ಅನುಕೂಲಸ್ಥರ ಸೀಸೆ ಉಳಿಯಿತು. ಈಗ ದೊಡ್ಡ ಕಂಪನಿಗಳ ಸಂಜೆಯ ಕೂಟಗಳಲ್ಲಿ ಕೈಯಲ್ಲಿ ಗ್ಲಾಸು ಹಿಡಿಯದ ತರುಣನೇ ಎಲ್ಲರಿಗೂ ಉತ್ತರ ಕೊಡುತ್ತ ನಿಲ್ಲಬೇಕಾಗಿದೆ. ನನ್ನ ಪರಿಚಯದ ಒಬ್ಬ ಹುಡುಗ ಇಂಥ ಕೂಟಗಳಲ್ಲಿ ಕಿತ್ತಳೆ ರಸವನ್ನೇ ಮದ್ಯದಂತೆ ಮೆಲ್ಲಮೆಲ್ಲಗೆ ಹೀರುತ್ತ ಕಾಲ ಕಳೆಯುತ್ತಾನಂತೆ. "ಯಾರೂ ಕೇಳಬಾರದಲ್ರೀ, ಅದಕ್ಕ" ಎಂದು ನಗುತ್ತ ಹೇಳಿದ. ಆ ನಗೆಯಲ್ಲಿ ಎಷ್ಟು ವಿನೋದವಿತ್ತೋ ಅಷ್ಟೇ ದಣಿವೂ ಇತ್ತು.

ಆದರೆ ಚಹಾವಾಗಲಿ ಮದ್ಯವಾಗಲಿ ತಾನು ಔಷಧಿಯೆಂದು ಹೇಳಿಕೊಂಡು ಮನೆಯೊಳಗೆ ಬರುವುದಿಲ್ಲ. ಗುಳಿಗೆ ಹಾಗಲ್ಲ. ಅದು ವೈದ್ಯರ ಚೀಟಿಯೊಡನೆ, ಬೆಳ್ಳಿಯ ಹಾಳೆಯೊಳಗೆ, ಮರ್ಯಾದಸ್ಥನಂತೆ ಬರುತ್ತದೆ. ಅದರ ಚರಿತ್ರೆಯನ್ನು ಸ್ವಲ್ಪ ತಿಳಿದರೆ ನಾನು ಹೇಳಬೇಕೆಂದಿರುವುದು ಸ್ಪಷ್ಟವಾದೀತು.

ಈ ಚರಿತ್ರೆಯಲ್ಲಿ ನಮ್ಮ ದೇಶಕ್ಕೆ ಗೌರವದ ಒಂದು ಪಾಲುಂಟು. ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಸರ್ಪಗಂಧವೆಂಬ ಗಿಡದ ಬೇರನ್ನು ನಾಡವೈದ್ಯರು ನಿದ್ದೆಗಾಗಿ, ಚಿತ್ತಭ್ರಮೆಗಾಗಿ ಬಹುಕಾಲದಿಂದ ಬಳಸುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಬಂಗಾಲದ ವಿದ್ವಾಂಸರಿಬ್ಬರು ಇದರ ಗುಣಗಳನ್ನು ಕುರಿತು ಲೇಖನ ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಮ್ ಜಾಲ್ ವಕೀಲರು ರಕ್ತದೊತ್ತಡಕ್ಕೆ ಇದು ನೀಡುವ ಉಪಶಮನವನ್ನು ಇಂಗ್ಲೆಂಡಿನ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಆ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದೇ ವರ್ಷ ಪ್ಯಾರಿಸಿನ ವೈದ್ಯರು ಕ್ಲೋರ್‌ಪ್ರೊಮಾಜಿನ್ ಎಂಬ ಇನ್ನೊಂದು ಔಷಧಿಯನ್ನು ತೀವ್ರವಾದ ಮನೋರೋಗಿಗಳಿಗೆ ಕೊಟ್ಟು ಅದರ ಪರಿಣಾಮವನ್ನು ಕಂಡು ಬೆರಗಾದರು.

ಆ ಕಾಲಕ್ಕೆ ಮುಂಚೆ ಇಂಥ ರೋಗಿಗಳ ಗತಿ ಏನಿತ್ತೆಂಬುದನ್ನು ನಾವು ಮರೆಯಬಾರದು. ನಮ್ಮ ನೆರೆಯ ಧಾರವಾಡದಲ್ಲಿಯೇ 19ನೆಯ ಶತಮಾನದ ನಡುಭಾಗದಿಂದ ಒಂದು "ಹುಚ್ಚರ ಆಸ್ಪತ್ರೆ" ಇತ್ತು. ಈ ಭಾಗದಲ್ಲಿ "ಧಾರವಾಡಕ್ಕ ಕಳಸಬೇಕು ಇವನ್ನ" ಎಂಬುದು ಒಂದು ಕ್ರೂರ ಹಾಸ್ಯವೇ ಆಗಿಬಿಟ್ಟಿತ್ತು. ಒಳಗೆ ಹೋದವನು ಹೊರಗೆ ಬರುವುದು ಅಪರೂಪವೆಂದೇ ಜನ ನಂಬಿದ್ದರು. ಸರಪಳಿ ಹಾಕಿ ದೇವಸ್ಥಾನದ ಕಂಬಕ್ಕೆ ಕಟ್ಟಿದವರೂ ಇದ್ದರು. ಹೊಸ ಔಷಧಿಗಳು ಬಂದ ಮೇಲೆ ಎಷ್ಟೋ ಜನ ಮನೆಗೆ ಮರಳಿ, ಹೊಲ-ಮನೆ-ಮಕ್ಕಳನ್ನು ಮತ್ತೆ ಕಂಡರು. ಆ ಹಳೆಯ ಆಸ್ಪತ್ರೆಯೇ ಇಂದು ಡಿಮ್ಹಾನ್ಸ್ ಎಂಬ ಹೆಸರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಔಷಧಿಯ ನಿಂದೆ ಮಾಡುವವನು ಮೊದಲು ಈ ಉಪಕಾರವನ್ನು ಒಪ್ಪಿ ಮುಂದೆ ಮಾತನಾಡಬೇಕು.

ಕತೆ ಇಲ್ಲಿಗೇ ನಿಂತಿದ್ದರೆ ಈ ಲೇಖನದ ಅವಶ್ಯಕತೆಯಿರಲಿಲ್ಲ. ಆಸ್ಪತ್ರೆಯ ಗೋಡೆ ದಾಟಿದ ಗುಳಿಗೆ ಮನೆಯ ಹೊಸ್ತಿಲಿಗೆ ಬಂತು. 1955ರಲ್ಲಿ ಅಮೆರಿಕದಲ್ಲಿ ಮಿಲ್‌ಟೌನ್, 1960ರಲ್ಲಿ ಲಿಬ್ರಿಯಮ್, 1963ರಲ್ಲಿ ವ್ಯಾಲಿಯಮ್, ಹೀಗೆ ಒಂದರ ಹಿಂದೊಂದು ಚಿಂತೆಹರಣದ ಗುಳಿಗೆಗಳು ಪೇಟೆಗೆ ಬಂದವು. ಇವು ಹುಚ್ಚಿಗಲ್ಲ; ಸಾಮಾನ್ಯ ಗೃಹಸ್ಥರ ತಳಮಳಕ್ಕೆ. 1978ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ 200 ಕೋಟಿಗೂ ಹೆಚ್ಚು ವ್ಯಾಲಿಯಮ್ ಗುಳಿಗೆಗಳು ಮಾರಾಟವಾದವು. ಅವನ್ನು ನುಂಗಿದವರಲ್ಲಿ ಗಂಡಸರಿಗಿಂತ ಹೆಂಗಸರು ಸುಮಾರು ಇಮ್ಮಡಿ. ನಮ್ಮಲ್ಲಿಯೂ 1960ರ ದಶಕದ ಕೊನೆಗೆ ಅದೇ ಔಷಧಿ ಕಾಂಪೋಸ್ ಎಂಬ ಹೆಸರಿನಿಂದ ಬಂದು ಮನೆಮಾತಾಯಿತು. ಹಳೆಯ ಚಲನಚಿತ್ರಗಳಲ್ಲಿ ನಾಯಕಿ ಮೂರ್ಛೆಹೋದರೆ ಕುಟುಂಬದ ವೈದ್ಯರು ಬಂದು ನಿದ್ದೆಯ ಔಷಧಿ ಕೊಟ್ಟು, "ಇವರಿಗೆ ವಿಶ್ರಾಂತಿ ಬೇಕು" ಎಂದು ಹೇಳಿ ಹೋಗುವುದನ್ನು ನಾವು ನೋಡಿದ್ದೇವೆ. ಅವಳು ಏತಕ್ಕೆ ಮೂರ್ಛೆಹೋದಳೆಂಬುದನ್ನು ಆ ವೈದ್ಯರು ಕೇಳಿದ್ದು ನನಗೆ ನೆನಪಿಲ್ಲ. ಇಂಗ್ಲೆಂಡಿನ ಲೇಖಕ ಆಲ್ಡಸ್ ಹಕ್ಸ್‌ಲಿ 1932ರಷ್ಟು ಹಿಂದೆಯೇ ತನ್ನ ಕಾದಂಬರಿಯೊಂದರಲ್ಲಿ ಪ್ರಜೆಗಳೆಲ್ಲ ಗುಳಿಗೆ ನುಂಗಿ ಸುಖವಾಗಿರುವ ರಾಜ್ಯವೊಂದನ್ನು ಕಲ್ಪಿಸಿದ್ದ. ಆ ಗುಳಿಗೆಗೆ ಅವನಿಟ್ಟ ಹೆಸರು ನಮ್ಮ ವೇದದ ಸೋಮ! ಅಲ್ಲಿ ಗುಳಿಗೆಯನ್ನು ಹಂಚುವವರು ಆಳುವವರು. ನಮ್ಮಲ್ಲಿ ಆಳುವವರಿಗೆ ಆ ಶ್ರಮವೂ ಇಲ್ಲ. ಮನೆಯವರೇ ಪ್ರೀತಿಯಿಂದ ಹಂಚುತ್ತಾರೆ.

ನನ್ನ ಮೌಶಿಯ ವಿಷಯವನ್ನು ಇಲ್ಲಿ ಹೇಳಬೇಕು. ಅವಳು ನನ್ನ ತಾಯಿಯ ತಂಗಿ, ಎಪ್ಪತ್ತು ದಾಟಿದವಳು. ಮಗ-ಸೊಸೆಯೊಡನೆ ಪುಣೆಯಲ್ಲಿ ಬಹುಮಹಡಿಯ ಕಟ್ಟಡವೊಂದರಲ್ಲಿ ಇದ್ದಳು. ಕಾಕಾ ತೀರಿಕೊಂಡಾಗ ಅವರ ದಾಂಪತ್ಯಕ್ಕೆ ನಾಲ್ವತ್ತೊಂಬತ್ತು ವರ್ಷ. ಮಗನಿಗೆ ಕಚೇರಿಯಲ್ಲಿ ತಂದೆಯ ಸಾವಿಗೆ ಸಿಕ್ಕ ರಜೆ ಐದು ದಿನ. ಆರನೆಯ ದಿನ ಅವನು ಮುಖ ತೊಳೆದು, ಇಸ್ತ್ರಿಯ ಅಂಗಿ ಹಾಕಿ, ಪರದೇಶದ ಗಿರಾಕಿಗಳೊಡನೆ ನಗುತ್ತ ಮಾತನಾಡಬೇಕಾಯಿತು. ಸೊಸೆಗೂ ನೌಕರಿ, ಮೊಮ್ಮಗಳಿಗೆ ಪರೀಕ್ಷೆ. ಮೌಶಿ ಮಾತ್ರ ಅಳುತ್ತಿದ್ದಳು. ಹದಿಮೂರು ದಿನ ಮುಗಿದರೂ ಅಳುತ್ತಿದ್ದಳು. ಮಾಸಿಕ ಮುಗಿದರೂ ನಡುರಾತ್ರಿ ಎದ್ದು ಕುಳಿತು ಕಾಕಾನ ಹೆಸರು ಹಿಡಿದು ಮಾತಾಡುತ್ತಿದ್ದಳು. ಮಗುವಿಗೆ ಹೆದರಿಕೆಯಾಯಿತು. ನೆರೆಯವರು ವಿಚಾರಿಸತೊಡಗಿದರು. "ಎಷ್ಟು ದಿವಸ ಅಂತ ಹೀಂಗ?" ಎಂದು ಬಂಧುಗಳು ಫೋನಿನಲ್ಲಿ ಕೇಳಿದರು. ಯಾರೋ ವೈದ್ಯರು ಹತ್ತು ದಿನಗಳ ಮಟ್ಟಿಗೆಂದು ರಾತ್ರಿಯ ಒಂದು ಗುಳಿಗೆ ಬರೆದುಕೊಟ್ಟರು.

ಗುಳಿಗೆ ತನ್ನ ಕೆಲಸವನ್ನು ಚೆನ್ನಾಗಿ ಮಾಡಿತು. ಮೌಶಿ ಮಲಗಿದಳು, ಮನೆ ಶಾಂತವಾಯಿತು. ಹತ್ತು ದಿನದ ಚೀಟಿ ಜೆರಾಕ್ಸಿನ ಮೇಲೆ ಜೆರಾಕ್ಸಾಗಿ ಹದಿನಾಲ್ಕು ತಿಂಗಳು ನಡೆಯಿತು. ಇದರಲ್ಲಿ ಯಾರೂ ದುಷ್ಟರಿಲ್ಲ. ಮಗನಿಗೆ ತಾಯಿಯ ಮೇಲೆ ಪ್ರಾಣ. ಸೊಸೆ ಹೊತ್ತುಹೊತ್ತಿಗೆ ನೆನಪಿನಿಂದ ಗುಳಿಗೆಯನ್ನೂ ನೀರನ್ನೂ ತಂದುಕೊಡುತ್ತಿದ್ದಳು. ಮೌಶಿ ಹಗಲಿನಲ್ಲಿಯೂ ತೂಕಡಿಸತೊಡಗಿದಳು, ಹೆಸರುಗಳನ್ನು ಮರೆಯತೊಡಗಿದಳು, ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದಳು. ಎಲ್ಲರೂ "ವಯಸ್ಸಾತು" ಎಂದರು. ಇಂಥ ಗುಳಿಗೆಗಳು ಮುದುಕರಲ್ಲಿ ಮರೆವನ್ನೂ ಬೀಳುವಿಕೆಯನ್ನೂ ಹೆಚ್ಚಿಸುತ್ತವೆ ಎಂಬುದು ವೈದ್ಯರಿಗೆಲ್ಲ ತಿಳಿದ ಸಂಗತಿ. ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಕೈಯ ಎಲುಬು ಕೂಡಿದ ಮೇಲೆ ನಾಲ್ಕು ದಿನ ಇರಲೆಂದು ಅವಳನ್ನು ನಮ್ಮ ಮನೆಗೆ ಕರೆತಂದೆವು. ಗುಳಿಗೆ ಮುಗಿದಾಗ ನಾನು ಗೋಕುಲ ರಸ್ತೆಯ ಔಷಧಿ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ಜೆರಾಕ್ಸನ್ನು ತಿರುಗಿಸಿ ನೋಡಿ, "ಹಿಂದಿನ ವರ್ಷದ ಚೀಟಿ ಐತಲ್ರೀ. ಇದಕ್ಕ ಕೊಡೂದಿಲ್ಲ. ಡಾಕ್ಟರ ಕಡೆ ಹೊಸದು ಬರೆಸಿಕೊಂಡು ಬರ್ರಿ" ಎಂದರು. ಕೌಂಟರಿನ ಕೆಳಗಿನಿಂದ ಒಂದು ದಪ್ಪ ಪುಸ್ತಕವನ್ನು ತೆಗೆದು ತೋರಿಸಿದರು. ಆಲ್‌ಪ್ರಾಜೊಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೊಲ್‌ಪಿಡೆಮ್ ಮೊದಲಾದ ಔಷಧಿಗಳನ್ನು ಸರಕಾರ 2013ರಲ್ಲಿ ಒಂದು ವಿಶೇಷ ಪಟ್ಟಿಗೆ ಸೇರಿಸಿದೆ. 2014ರಿಂದ ಅವನ್ನು ಮಾರುವವರು ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿ ಮತ್ತು ಪ್ರಮಾಣವನ್ನು ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಕಾಯ್ದಿಡಬೇಕು. ಎಲ್ಲ ಅಂಗಡಿಯವರೂ ಇಷ್ಟು ಕಟ್ಟುನಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಎರಡು ರಾತ್ರಿ ಗುಳಿಗೆಯಿಲ್ಲದೆ ಮೌಶಿಯ ಕೈಕಾಲು ನಡುಗತೊಡಗಿದವು. ಕಣ್ಣಿಗೆ ಕಣ್ಣು ಹತ್ತಲಿಲ್ಲ. ಹುಬ್ಬಳ್ಳಿಯ ಮನೋವೈದ್ಯರೊಬ್ಬರ ಬಳಿಗೆ ಕರೆದೊಯ್ದೆವು. ಅವರು ಎಲ್ಲವನ್ನೂ ಕೇಳಿ, "ಇದು ಕೆಟ್ಟ ಔಷಧಿ ಅಲ್ರೀ. ಹತ್ತು ದಿವಸದ ಕೆಲಸಕ್ಕ ಕರೆದ ಆಳನ್ನ ಮನಿಯಾಗ ಇಟ್ಟುಕೊಂಡ್ರಿ. ಈಗ ಅವನೇ ಯಜಮಾನ ಆಗ್ಯಾನ. ಒಮ್ಮೆಲೇ ಹೊರಗ ಹಾಕಿದರ ಮನಿ ಮುರಿದು ಹೋಗ್ತಾನ" ಎಂದರು. ಒಮ್ಮೆಲೇ ಬಿಟ್ಟರೆ ನಡುಕ, ಭಯ, ಕೆಲವರಿಗೆ ಮೂರ್ಛೆಯ ಸೆಳೆತಗಳೂ ಬರಬಹುದಂತೆ. ಆದುದರಿಂದ ಗುಳಿಗೆಯನ್ನು ಮತ್ತೆ ಬರೆದುಕೊಟ್ಟು, ಎರಡೆರಡು ವಾರಕ್ಕೊಮ್ಮೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬಂದರು. ಐದು ತಿಂಗಳು ಹಿಡಿಯಿತು. ನಾಲ್ಕು ದಿನಕ್ಕೆಂದು ಬಂದ ಮೌಶಿ ಆ ಐದು ತಿಂಗಳೂ ನಮ್ಮಲ್ಲಿಯೇ ಉಳಿದಳು.

ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದವಳು ಇದ್ದಕ್ಕಿದ್ದಂತೆ ಅಳತೊಡಗಿದಳು. ಕಾಕಾನಿಗೆ ಮೆಂತ್ಯದ ಸೊಪ್ಪೆಂದರೆ ಆಗುತ್ತಿರಲಿಲ್ಲವಂತೆ. ನಾಲ್ವತ್ತೊಂಬತ್ತು ವರ್ಷ ಅವರ ಭಯಕ್ಕೆ ಅವಳು ಅದನ್ನು ಮನೆಯೊಳಗೆ ತಂದಿರಲಿಲ್ಲ. "ಈಗ ತಿನ್ನಬಹುದಲ್ಲಾ, ಬೇಡನ್ನವರು ಯಾರದಾರ" ಎಂದು ಹೇಳಿ ಅತ್ತಳು. ನನ್ನ ಹೆಂಡತಿ ಏನೂ ಹೇಳದೆ ಪಕ್ಕದಲ್ಲಿ ಕುಳಿತು ಉಳಿದ ಸೊಪ್ಪನ್ನು ಸೋಸಿದಳು. ಆ ಒಂದು ತಾಸಿನಲ್ಲಿ ಮೌಶಿ ತನ್ನ ಸಂಸಾರದ ಪೂರ್ತಿ ಕತೆಯನ್ನು ಹೇಳಿದಳು. ಕಾಕಾನ ಸಿಟ್ಟು, ಅವರ ಜಿಪುಣತನ, ಒಮ್ಮೆ ಉಣಕಲ್ ಕೆರೆಯ ದಂಡೆಗೆ ಕರೆದೊಯ್ದು ಗಿರ್ಮಿಟ್ ಕೊಡಿಸಿದ್ದು, ಎಲ್ಲವನ್ನೂ. ಸಂಜೆ ನನ್ನನ್ನು ಕರೆದು ಹೇಳಿದಳು: "ತಮ್ಮಾ, ಗುಳಿಗಿ ನುಂಗಾಕಿ ನಾನು, ಆರಾಮ ಆಗೂದು ಮಂದಿಗೆ. ನನಗ ನಿದ್ದಿ ಬ್ಯಾಡಾಗಿತ್ತು. ಅವರ ಮಾತು ಯಾರರೆ ಕೇಳಬೇಕಾಗಿತ್ತು."

ಈ ಮಾತಿನ ಮೇಲೆ ನಾನು ಬಹಳ ದಿನ ಯೋಚಿಸಿದ್ದೇನೆ. ರೋಗಿಗೆ ಆರಾಮವಾಗಲೆಂದು ಕೊಡುವ ಔಷಧಿ ಬೇರೆ. ನೋಡುವವರಿಗೆ ಆರಾಮವಾಗಲೆಂದು ರೋಗಿಗೆ ಕೊಡುವ ಔಷಧಿ ಬೇರೆ. ಗುಳಿಗೆ ಎರಡೂ ಕಡೆ ಒಂದೇ ಇದ್ದೀತು. ಹೆಸರು, ಬಣ್ಣ, ಬೆಲೆ ಒಂದೇ ಇದ್ದೀತು. ಅದು ಯಾರ ಸಮಾಧಾನಕ್ಕಾಗಿ ಎಂಬುದೊಂದೇ ವ್ಯತ್ಯಾಸ.

ಇದನ್ನು ಓದಿ ಯಾರಾದರೂ ತಮ್ಮ ಮನೆಯಲ್ಲಿರುವ ಮನೋರೋಗದ ಔಷಧಿಯನ್ನು ಕಿಟಕಿಯಿಂದಾಚೆಗೆ ಎಸೆದಾರೆಂಬ ಭಯವೂ ನನಗಿದೆ. ಅದಕ್ಕಾಗಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ನಮ್ಮ ಪರಿಚಯದ ಮನೆಯೊಂದರ ಹೆಣ್ಣುಮಗಳಿಗೆ ಕಾಲೇಜಿನ ದಿನಗಳಲ್ಲಿ ಒಂದು ರೋಗ ಕಾಣಿಸಿಕೊಂಡಿತು. ಕೆಲವು ತಿಂಗಳು ಮಿತಿಮೀರಿದ ಉತ್ಸಾಹ, ಕೆಲವು ತಿಂಗಳು ಹಾಸಿಗೆ ಬಿಟ್ಟೇಳಲಾಗದ ವಿಷಾದ. ವೈದ್ಯರು ಲಿಥಿಯಮ್ ಕೊಟ್ಟರು. ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯ 1949ರಲ್ಲಿ ಇದರ ಗುಣವನ್ನು ಪ್ರಕಟಿಸಿದ. ಇದು ಒಂದು ಬಗೆಯ ಲವಣ. ಆಗಾಗ ರಕ್ತಪರೀಕ್ಷೆ ಮಾಡಿಸುತ್ತ ತೆಗೆದುಕೊಂಡರೆ ಎಷ್ಟೋ ಜನರನ್ನು ನೆಟ್ಟಗೆ ನಿಲ್ಲಿಸುತ್ತದೆ. ಹುಡುಗಿ ಓದು ಮುಗಿಸಿದಳು, ನೌಕರಿ ಹಿಡಿದಳು. ಮದುವೆಯ ಮಾತು ಬಂತು. ಒಡನೆ ಮನೆಯ ಹಿರಿಯರೆಲ್ಲ ಸೇರಿ, "ಬೀಗರ ಮನಿಯಾಗ ಗುಳಿಗಿ ಡಬ್ಬಿ ಕಂಡರ ಏನಂದಾರು?" ಎಂದು ಔಷಧಿಯನ್ನು ನಿಲ್ಲಿಸಿಬಿಟ್ಟರು. ಲಗ್ನಪತ್ರಿಕೆ ಅಚ್ಚಾಗುವುದಕ್ಕೆ ಮುಂಚೆಯೇ ರೋಗ ಮರುಕಳಿಸಿತು. ಹಗಲು-ರಾತ್ರಿ ನಿದ್ದೆಯಿಲ್ಲದೆ, ಕೈಯಲ್ಲಿದ್ದ ಹಣವನ್ನೆಲ್ಲ ಹಂಚಿ, ಕೊನೆಗೆ ಆರು ವಾರ ಆಸ್ಪತ್ರೆಯಲ್ಲಿರಬೇಕಾಯಿತು. ಸಂಬಂಧವೂ ಮುರಿಯಿತು.

ಒಂದು ಮನೆಯಲ್ಲಿ ಬೇಡವಾದ ಗುಳಿಗೆಯನ್ನು ನುಂಗಿಸಿದರು. ಇನ್ನೊಂದು ಮನೆಯಲ್ಲಿ ಬೇಕಾದ ಗುಳಿಗೆಯನ್ನು ಕಸಿದುಕೊಂಡರು. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಒಳಹೊಕ್ಕು ನೋಡಿದರೆ ಎರಡಕ್ಕೂ ಮೂಲ ಒಂದೇ: "ಮಂದಿ ಏನಂದಾರು?" ಅಳುವ ವಿಧವೆ ಕಾಣಬಾರದು, ಔಷಧಿ ತೆಗೆದುಕೊಳ್ಳುವ ಮದುಮಗಳೂ ಕಾಣಬಾರದು. ಎಲ್ಲರೂ ಎಲ್ಲರಂತೆ ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಜನರಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿತ್ತು. ಆದರೆ ರೋಗಕ್ಕನುಸಾರವಾಗಿ ನೂರಕ್ಕೆ 70ರಿಂದ 92 ಜನ ಚಿಕಿತ್ಸೆಯಿಲ್ಲದೆಯೇ ಇದ್ದರು. ಬೇಕಾದವರಿಗೆ ಔಷಧಿ ತಲುಪಿಲ್ಲ. ಬೇಡವಾದವರಿಗೆ ಜೆರಾಕ್ಸಿನಿಂದ ತಲುಪುತ್ತಿದೆ. ಇದಕ್ಕಿಂತ ದೊಡ್ಡ ಸೋಜಿಗ ಬೇರೆ ಯಾವುದಿದ್ದೀತು!

ಆ ಹೆಣ್ಣುಮಗಳು ಈಗ ಮತ್ತೆ ನೌಕರಿಗೆ ಹೋಗುತ್ತಾಳೆ. ಗುಳಿಗೆಯ ಡಬ್ಬಿಯನ್ನು ಊಟದ ಮೇಜಿನ ಮೇಲೆ, ಉಪ್ಪಿನ ಭರಣಿಯ ಪಕ್ಕದಲ್ಲಿಯೇ ಇಟ್ಟಿದ್ದಾಳೆ. ಒಮ್ಮೆ ಊಟಕ್ಕೆ ಹೋದಾಗ ನನ್ನ ಕಣ್ಣು ಅದರ ಮೇಲೆ ಬಿದ್ದುದನ್ನು ಕಂಡು, "ಇದೂ ಒಂದು ಉಪ್ಪೇರೀ ಕಾಕಾ. ನಿಮ್ಮ ಬಿ.ಪಿ.ಗೆ ಆ ಉಪ್ಪು ಬ್ಯಾಡ, ನನಗ ಈ ಉಪ್ಪು ಬೇಕು" ಎಂದಳು. ಅವಳ ತಾಯಿ ಮೊದಲು ಗಾಬರಿಯಾದರು. ಆಮೇಲೆ ಅವರೂ ನಕ್ಕರು.

ಹಿಂದಿನ ಕಾಲವೆಲ್ಲ ಚೆನ್ನಾಗಿತ್ತೆಂದು ಹಾಡುವವನು ನಾನಲ್ಲ. ಸರಪಳಿಯ ಮಾತನ್ನು ಆಗಲೇ ಹೇಳಿದ್ದೇನೆ. ಆದರೆ ದುಃಖಕ್ಕೆ ಹಿಂದಿನವರು ಒಂದು ಜಾಗವನ್ನು ಬಿಟ್ಟಿದ್ದರು ಎಂಬುದು ನಿಜ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ. ಓಣಿಯವರು ಅನ್ನ ತರುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಸತ್ತವನ ಗುಣಗಳನ್ನು ಹಾಡಿಕೊಂಡು ಅಳುತ್ತಿದ್ದರು. ಬಂದವರೂ ಜೊತೆಗೆ ಅಳುತ್ತಿದ್ದರು. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತ ಸೊಸೆ ತವರಿನ ಹಂಬಲವನ್ನೂ ಅತ್ತೆಯ ಕಾಟವನ್ನೂ ಹಾಡಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಹಲಸಂಗಿಯ ಗೆಳೆಯರು ಕೂಡಿಸಿದ "ಗರತಿಯ ಹಾಡು" ಇಂಥ ಹಾಡುಗಳ ಭಂಡಾರವೇ ಆಗಿದೆ. ಹಿಟ್ಟಿನ ಗಿರಣಿ ಬಂದುದರಿಂದ ಹೆಂಗಸರ ರಟ್ಟೆಗೆ ವಿಶ್ರಾಂತಿ ದೊರೆಯಿತು. ಅದು ಒಳ್ಳೆಯದೇ ಆಯಿತು. ಆದರೆ ಕಲ್ಲಿನ ಮುಂದೆ ಕುಳಿತು ಹಾಡಿಕೊಳ್ಳುತ್ತಿದ್ದ ಆ ಒಂದು ತಾಸಿನ ಬದಲಿಗೆ ನಾವು ಏನನ್ನೂ ಕೊಡಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಉಪದೇಶವೇನೂ ನನ್ನಲ್ಲಿಲ್ಲ. ನಿದ್ದೆ ವಾರಗಟ್ಟಲೆ ಕೆಟ್ಟರೆ, ಊಟ ಸೇರದಿದ್ದರೆ, ಬಾಳೇ ಬೇಡವೆನಿಸಿದರೆ, ನಾಚದೆ ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಯಾವ ಹೊತ್ತಿಗಾದರೂ ಪುಕ್ಕಟೆಯಾಗಿ ಫೋನು ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ವೈದ್ಯರು ಗುಳಿಗೆ ಬರೆದರೆ, ಏತಕ್ಕೆ, ಎಷ್ಟು ದಿನ, ಯಾವಾಗ ನಿಲ್ಲಿಸುವುದು, ಹೇಗೆ ನಿಲ್ಲಿಸುವುದು ಎಂಬ ನಾಲ್ಕು ಪ್ರಶ್ನೆಗಳನ್ನು ಅಲ್ಲಿಯೇ ಕೇಳಬೇಕು. ಅವರು ಹೇಳಿದ ಮಾತನ್ನು ನೆರೆಯವರ ಮಾತಿಗಾಗಿ ಮುರಿಯಬಾರದು. ಬರೆದ ಚೀಟಿಯನ್ನು ಅವರ ಮಾತು ಮೀರಿ ಬೆಳೆಸಲೂಬಾರದು.

ಉಳಿದುದು ವೈದ್ಯರ ಕೆಲಸವಲ್ಲ. ಔಷಧಿ ಅಂಗಡಿಯ ಆ ದಪ್ಪ ಪುಸ್ತಕದಲ್ಲಿ ರೋಗಿಯ ಹೆಸರಿಗೆ ಜಾಗವಿದೆ, ವೈದ್ಯರ ಹೆಸರಿಗೆ ಜಾಗವಿದೆ, ಗುಳಿಗೆಗಳ ಲೆಕ್ಕಕ್ಕೆ ಜಾಗವಿದೆ. ನಿದ್ದೆ ಏತಕ್ಕೆ ಕೆಟ್ಟಿತೆಂದು ಬರೆಯುವುದಕ್ಕೆ ಜಾಗವಿಲ್ಲ. ಇರಬೇಕೆಂದೂ ನಾವು ಅಪೇಕ್ಷಿಸಲಾಗದು. ಅದನ್ನು ಕೇಳಬೇಕಾದವರು ಮನೆಯವರು. ಕೇಳಿದ ಮೇಲೆ ಉತ್ತರ ಬರುವ ತನಕ ಕುಳಿತಿರಬೇಕಾದವರೂ ಅವರೇ.